ಕೆಂಪು ನೆಲ ಉಳಿಸಿಕೊಂಡು ಅಡುಗೆಮನೆಗೆ ಬಣ್ಣ ಹೊಂದಿಸಿದ ಮೂರೂವರೆ ತಿಂಗಳು

ಹೋದ ವಾರ ಹೊಸ ಕಟ್ಟೆಯ ಮೇಲೆ ಹಾಲು ಉಕ್ಕಿಸಿದೆವು. ಸಂಕ್ರಾಂತಿ ಮುಗಿಸಿ ಕೈ ಹಾಕಿದ ಕೆಲಸ. ಯುಗಾದಿ ಹೋಳಿಗೆ ಹೊಸ ಅಡುಗೆಮನೆಯಲ್ಲೇ ಅಂದುಕೊಂಡಿದ್ದೆವು, ಮುಗಿದದ್ದು ಏಪ್ರಿಲ್ ಕೊನೆಗೆ. ಇಷ್ಟು ದಿನದಲ್ಲಿ ಮೇಸ್ತ್ರಿಗಳು ನಿಜವಾಗಿ ಕೆಲಸ ಮಾಡಿದ್ದು ಐದು ವಾರ ಇರಬಹುದು. ಉಳಿದದ್ದೆಲ್ಲ ಬಣ್ಣಕ್ಕೆ ಹೋಯಿತು. ಆರಿಸೋದು, ಬೇಡ ಅನ್ನೋದು, ಕಾಯೋದು, ಬಂದದ್ದು ಬೇರೆ ಬಣ್ಣ ಅಂತ ವಾಪಸ್ ಕಳಿಸೋದು, ಮತ್ತೆ ಕಾಯೋದು. ಶುರು ಮಾಡುವಾಗ ಇದನ್ನೆಲ್ಲ ನಮಗೆ ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಈಗ ಕೈ ಹಾಕುವವರಿಗೆ ಸ್ವಲ್ಪ ಅಲೆದಾಟ ಕಮ್ಮಿ ಆಗಲಿ.

ಮನೆ ಇರೋದು ಬೆಂಗಳೂರಿನ ಹನುಮಂತನಗರದಲ್ಲಿ. 1984ರಲ್ಲಿ ಮಾವ ಕಟ್ಟಿಸಿದ್ದು. ಅಡುಗೆಮನೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಉತ್ತರಕ್ಕೆ ಒಂದೇ ಕಿಟಕಿ. ನೆಲ ರೆಡ್ ಆಕ್ಸೈಡ್, ಸುತ್ತಲೂ ನಾಲ್ಕು ಬೆರಳಗಲ ಕಪ್ಪು ಅಂಚು. ಕಟ್ಟೆ ಕಪ್ಪು ಕಡಪ ಕಲ್ಲಿನದು. ಗೋಡೆಗೆ ಯಾವಾಗಲೋ ಬಳಿದ ತಿಳಿಹಸಿರು ಡಿಸ್ಟೆಂಪರ್, ಒಲೆಯ ಹಿಂದೆ ಒಗ್ಗರಣೆ ಜಿಡ್ಡು ಕೂತು ಅಲ್ಲಿ ಯಾವ ಬಣ್ಣ ಇತ್ತು ಅಂತಲೇ ತಿಳಿಯುತ್ತಿರಲಿಲ್ಲ. ಕಪಾಟಿನ ಬಾಗಿಲುಗಳಿಗೆ ಗೆದ್ದಲು ಹಿಡಿದಿತ್ತು, ಸಿಂಕ್ ಪಕ್ಕ ಕಟ್ಟೆ ಸೀಳಿತ್ತು. ಆ ಎರಡು ಕಾರಣಕ್ಕೇ ಶುರು ಮಾಡಿದ್ದು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಫೋನಿನಲ್ಲಿ ಚಿತ್ರ ನೋಡಿದೆ. ಬೂದು ಮತ್ತು ಬಿಳಿ ಬಣ್ಣದ ಅಡುಗೆಮನೆಗಳು ತುಂಬಾ ಹಿಡಿಸಿದವು. ಒಂದು ಶೋರೂಮಿಗೆ ಹೋದೆವು, ಅಲ್ಲಿಯ ಹುಡುಗಿ ಕಂಪ್ಯೂಟರಿನಲ್ಲಿ ನಮ್ಮ ಅಳತೆ ಹಾಕಿ ಅರ್ಧ ಗಂಟೆಯಲ್ಲಿ ತ್ರೀಡಿ ಚಿತ್ರ ಮಾಡಿ ತೋರಿಸಿದಳು. ನೋಡಿದ ಕೂಡಲೇ ಒಪ್ಪಿ ಹತ್ತು ಸಾವಿರ ಮುಂಗಡ ಕೊಟ್ಟು ಬಂದೆವು. ಮನೆಗೆ ಬಂದು ಅತ್ತೆಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು. "ಚೆನ್ನಾಗಿದೆ ಕಣಮ್ಮ, ಆದರೆ ಇದರಲ್ಲಿ ನಮ್ಮ ನೆಲ ಎಲ್ಲಿ?"

ನಿಜ, ಚಿತ್ರದಲ್ಲಿ ನೆಲ ಬಿಳಿ ಟೈಲ್ಸ್ ಆಗಿತ್ತು. ಮಾರನೆ ದಿನ ಹೋಗಿ ಕೆಂಪು ನೆಲ ಹಾಕಿ ತೋರಿಸಿ ಅಂದೆ. ಹಾಕಿದಳು. ಅಷ್ಟು ಚೆಂದ ಕಂಡಿದ್ದ ಬೂದು ಬಣ್ಣ ಕೆಂಪಿನ ಪಕ್ಕ ಪಾಚಿ ಹಿಡಿದ ಸಿಮೆಂಟಿನ ಹಾಗೆ ಕಂಡಿತು. "ನೆಲ ಒಡೆಸಿಬಿಡಿ ಮೇಡಂ, ಈಗ ಯಾರೂ ಇಟ್ಕೊಳಲ್ಲ" ಅಂದರು ಅಂಗಡಿಯವರು.

ಮನೆಯಲ್ಲಿ ಎರಡು ದಿನ ಅದೇ ಮಾತು. ಅತ್ತೆಗೆ ಎಪ್ಪತ್ತಾರು. ಬೆಳಿಗ್ಗೆ ಐದಕ್ಕೆ ಎದ್ದು ದೀಪ ಹಾಕದೆಯೇ ಅಡುಗೆಮನೆಗೆ ನಡೆದು ಹೋಗಿ ಡಿಕಾಕ್ಷನ್ ಹಾಕುತ್ತಾರೆ. ಅವರ ಕಾಲಿಗೆ ಆ ನೆಲ ಗೊತ್ತು. ವರ್ಷಗಟ್ಟಲೆ ಒರೆಸಿ, ಹಬ್ಬಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಉಜ್ಜಿ, ಅದಕ್ಕೆ ಬಂದಿರೋ ಹೊಳಪು ಯಾವ ಅಂಗಡಿಯಲ್ಲೂ ಸಿಗಲ್ಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಲ್ಲಿ ಗಂಟೆಗಟ್ಟಲೆ ತಿಕ್ಕಿ ಮಾಡುತ್ತಿದ್ದ ನೆಲ ಅದು. ಈಗ ಅಂಥದ್ದನ್ನು ಮಾಡುವ ಕೈಗಳೂ ಕಮ್ಮಿ. ನಮ್ಮವರು ಕೊನೆಗೆ ಹೇಳಿದರು, "ನೆಲ ಅಪ್ಪ ನಿಂತು ಮಾಡಿಸಿದ್ದು, ಅದು ಇರಲಿ, ಮಿಕ್ಕಿದ್ದು ಏನು ಬೇಕಾದರೂ ಮಾಡು." ನನಗೂ ಒಳಗೆ ಅದೇ ಬೇಕಿತ್ತು.

ಮುಂಗಡ ವಾಪಸ್ ಕೇಳಿದೆವು. ಡಿಸೈನ್ ಚಾರ್ಜ್ ಅಂತ ನಾಲ್ಕು ಸಾವಿರ ಹಿಡಿದುಕೊಂಡು ಆರು ಸಾವಿರ ಕೊಟ್ಟರು, ಅದೂ ಹನ್ನೆರಡು ದಿನದ ಮೇಲೆ. ರಸೀದಿಯಲ್ಲಿ ಅದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ದಯವಿಟ್ಟು ನೀವು ಮುಂಗಡ ಕೊಡುವ ಮೊದಲು, ಬೇಡ ಅಂದರೆ ಎಷ್ಟು ಹಿಡಿದುಕೊಳ್ಳುತ್ತೀರಿ ಅಂತ ಕೇಳಿ ರಸೀದಿ ಮೇಲೆಯೇ ಬರೆಸಿಕೊಳ್ಳಿ. ಮತ್ತೆ, ಬದಲಾಯಿಸದೆ ಉಳಿಸಿಕೊಳ್ಳುವ ವಸ್ತು ಯಾವುದಿದೆಯೋ, ನೆಲವೋ ಕಿಟಕಿಯೋ ಗ್ರಾನೈಟೋ, ಅದರ ಫೋಟೋ ಮೊದಲ ದಿನವೇ ತೋರಿಸಿ. ಬಣ್ಣದ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

ಬೂದು ಬಣ್ಣ ಯಾಕೆ ಹಾಗೆ ಕಂಡಿತು ಅಂತ ತಲೆ ಕೆಡಿಸಿಕೊಂಡು ಓದಿದೆ. ಕೆಂಪಿನ ಪಕ್ಕ ಇಟ್ಟ ಬೂದು ನಮ್ಮ ಕಣ್ಣಿಗೆ ಹಸಿರು ಛಾಯೆಯಲ್ಲಿ ಕಾಣುತ್ತದಂತೆ. ಒಂದು ಬಣ್ಣ ತನ್ನ ಪಕ್ಕದ್ದನ್ನು ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತದೆ. ಇದನ್ನು 1839ರಲ್ಲೇ ಷೆವ್ರೆಲ್ ಅನ್ನುವ ಫ್ರಾನ್ಸಿನ ರಸಾಯನ ವಿಜ್ಞಾನಿ ಪುಸ್ತಕ ಮಾಡಿ ಬರೆದಿದ್ದಾರೆ. ಅವರು ಪ್ಯಾರಿಸ್ಸಿನ ಒಂದು ದೊಡ್ಡ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮುಖ್ಯಸ್ಥರು. ಕಪ್ಪು ನೂಲು ಕಪ್ಪಾಗಿ ಕಾಣಲ್ಲ ಅಂತ ದೂರು ಬಂದಾಗ ಪರೀಕ್ಷೆ ಮಾಡಿ ನೋಡಿದರೆ ನೂಲಿನ ಬಣ್ಣದಲ್ಲಿ ತಪ್ಪೇ ಇರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣದ ಪ್ರಭಾವ ಅದು.

ಇದನ್ನು ಅತ್ತೆಗೆ ಹೇಳಿದೆ. ಅವರು ಎದ್ದು ಹೋಗಿ ಬೀರುವಿನಿಂದ ಐದಾರು ಸೀರೆ ತಂದು ಮಂಚದ ಮೇಲೆ ಹರಡಿದರು. "ನೇಯುವವರಿಗೆ ಗೊತ್ತಿರೋದೇ ಅಲ್ವಾ ಇದು. ನೋಡು, ಇಟ್ಟಿಗೆ ಕೆಂಪು ಅಂಚಿಗೆ ಒಡಲು ಯಾವ ಬಣ್ಣ ಹಾಕಿದ್ದಾರೆ ಅಂತ." ಒಂದು ಅರಿಶಿನ ಬಣ್ಣದ್ದು. ಒಂದು ಕೆನೆ ಬಿಳಿ. ಒಂದು ಮಂಕು ಹಸಿರು, ಬಾಡಿದ ವೀಳ್ಯದೆಲೆ ಥರದ್ದು, ಅದಕ್ಕೆ ಕೆಂಪು ಅಂಚು, ಅಂಚಿನ ಬುಡದಲ್ಲಿ ಸಣ್ಣ ಕಪ್ಪು ಗೆರೆ. ಆ ಸೀರೆಯನ್ನು ನಾನು ಎತ್ತಿಕೊಂಡು ಬಂದು ಅಡುಗೆಮನೆ ನೆಲದ ಮೇಲೆ ಹರಡಿದೆ. ಸೀರೆಯ ಅಂಚು, ನೆಲದ ಕೆಂಪು, ನೆಲದ ಅಂಚಿನ ಕಪ್ಪು, ಎಲ್ಲ ಒಂದಕ್ಕೊಂದು ಕೂತವು. ನಮ್ಮ ಅಡುಗೆಮನೆಯ ಬಣ್ಣ ಆರಿಸಿದ್ದು ಆ ಸೀರೆ. ಒಳಾಂಗಣದವರು ಅರವತ್ತು, ಮೂವತ್ತು, ಹತ್ತು ಅಂತ ಒಂದು ಲೆಕ್ಕ ಹೇಳುತ್ತಾರೆ. ಜಾಸ್ತಿ ಜಾಗಕ್ಕೆ ಒಂದು ಬಣ್ಣ, ಅದರರ್ಧಕ್ಕೆ ಇನ್ನೊಂದು, ಚೂರು ಜಾಗಕ್ಕೆ ಮೂರನೇದು. ಒಡಲು, ಸೆರಗು, ಅಂಚು ಅಂದುಕೊಂಡರೆ ನಮಗೆ ಬೇಗ ಅರ್ಥವಾಗುತ್ತದೆ.

ಹೀಗೆ ತೀರ್ಮಾನ ಆಯಿತು. ಗೋಡೆ, ಟೈಲ್ಸ್, ಮೇಲಿನ ಕಪಾಟು ಕೆನೆ ಬಣ್ಣ. ಕೆಳಗಿನ ಕಪಾಟು ಮಂಕು ಹಸಿರು. ಕಟ್ಟೆ ಕಪ್ಪು.

ಕಪ್ಪು ಅಂದ ತಕ್ಷಣ ನಮ್ಮವರ ಚಿಕ್ಕಮ್ಮ ಫೋನ್ ಮಾಡಿದರು. ವಾಸ್ತು ಪ್ರಕಾರ ಕಟ್ಟೆ ಕಪ್ಪು ಇರಬಾರದು, ಹಳದಿಯೋ ಹಸಿರೋ ಇರಲಿ ಅಂತ. ನಾನು ಏನು ಹೇಳಲಿ ಅಂತ ತೊದಲುತ್ತಿದ್ದೆ, ಅತ್ತೆ ಫೋನ್ ಇಸಕೊಂಡರು. "ಕಡಪ ಕಲ್ಲು ಯಾವ ಬಣ್ಣ ಇತ್ತು ಹೇಳು. ನಲವತ್ತು ವರ್ಷ ಅದರ ಮೇಲೇ ಬೇಯಿಸಿ ನಿಮಗೆಲ್ಲ ಬಡಿಸಿದ್ದೀನಿ." ಅಲ್ಲಿಗೆ ಅದು ಮುಗಿಯಿತು. ನಿಮ್ಮ ಮನೆಯಲ್ಲಿ ವಾಸ್ತು ನೋಡುವವರಿದ್ದರೆ ಮೊದಲೇ ಕೂರಿಸಿಕೊಂಡು ಮಾತಾಡಿ. ಕಲ್ಲು ಕೊಯ್ದ ಮೇಲೆ ಮಾತು ಬಂದರೆ ಎಲ್ಲರಿಗೂ ಬೇಜಾರು.

ಗ್ರಾನೈಟಿಗೆ ಜಿಗಣಿಗೆ ಹೋದೆವು. ಹತ್ತಿರದ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ಜಿಗಣಿಯಲ್ಲಿ ಕಲ್ಲು ಪೂರ್ತಿ ಹಲಗೆಯಾಗಿ ನಿಂತಿರುತ್ತದೆ, ನಮ್ಮ ಕಟ್ಟೆ ಯಾವುದರಿಂದ ಬರುತ್ತದೆ ಅಂತ ಕಣ್ಣಾರೆ ನೋಡಬಹುದು. ಚಾಮರಾಜನಗರದ ಕಪ್ಪು ಕಲ್ಲಿಗೆ ದೊಡ್ಡ ಹೆಸರಿದೆ. ಒಳ್ಳೆಯ ಕಪ್ಪು ಬಿಸಿಲಲ್ಲೂ ಕಪ್ಪಾಗೇ ಇರುತ್ತದೆ. ಕೆಲವು ಕಡೆ ಬೂದು ಕಲ್ಲಿಗೆ ಬಣ್ಣ ಅಥವಾ ಎಣ್ಣೆ ಹಚ್ಚಿ ಕಪ್ಪು ಮಾಡಿರುತ್ತಾರೆ. ಅದನ್ನು ಪರೀಕ್ಷೆ ಮಾಡೋದು ಸುಲಭ. ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವವನ್ನು ಬಿಳಿ ಬಟ್ಟೆಗೆ ಹಾಕಿ ಕಲ್ಲನ್ನು ಗಟ್ಟಿಯಾಗಿ ಒರೆಸಿ. ಬಟ್ಟೆಗೆ ಕಪ್ಪು ಹತ್ತಿದರೆ ಬಿಟ್ಟುಬಿಡಿ. ನಾನು ಚೀಲದಲ್ಲಿ ಶೀಶೆ ಇಟ್ಟುಕೊಂಡೇ ಹೋಗಿದ್ದೆ. ಮೂರನೇ ಅಂಗಡಿಯಲ್ಲಿ ಬಟ್ಟೆ ಕಪ್ಪಾಯಿತು.

ಅಲ್ಲೇ ತೀರ್ಮಾನ ಮಾಡಬೇಡಿ. ಚೂರು ಕೇಳಿ, ಸುಮ್ನೆ ಕೊಡುತ್ತಾರೆ. ನಾನು ಮೂರು ಚೂರು ತಂದು ಹಿತ್ತಲಲ್ಲಿ ಇಟ್ಟೆ. ಒಂದು ಕನ್ನಡಿ ಹೊಳಪಿನ ಕಪ್ಪು, ಒಂದು ಲೆದರ್ ಫಿನಿಶ್ ಕಪ್ಪು (ಹೊಳಪು ಕಮ್ಮಿ, ಮುಟ್ಟಿದರೆ ಚರ್ಮದ ಹಾಗೆ ತರಿತರಿ), ಇನ್ನೊಂದು ಯಾರೋ ಹೇಳಿದರು ಅಂತ ಬಿಳಿ ಕ್ವಾರ್ಟ್ಜ್, ಕಾರ್ಖಾನೆಯಲ್ಲಿ ಕಲ್ಲಿನ ಪುಡಿಯಿಂದ ಮಾಡುವ ಹಲಗೆ. ಮೂರರ ಮೇಲೂ ಸಾರು, ಡಿಕಾಕ್ಷನ್, ಎಣ್ಣೆಯಲ್ಲಿ ಕಲಸಿದ ಅರಿಶಿನ, ಬೋರ್‌ವೆಲ್ ನೀರು ಒಂದೊಂದು ಚಮಚ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಬಿಳಿ ಚೂರಿನಲ್ಲಿ ಅರಿಶಿನದ ಗುರುತು ಉಳಿದಿತ್ತು. ಹೊಳಪಿನ ಕಪ್ಪಿನಲ್ಲಿ ಬೋರ್‌ವೆಲ್ ನೀರು ಒಣಗಿದ ಕಡೆ ಬಿಳೀ ಉಂಗುರ ಎದ್ದು ಕಾಣುತ್ತಿತ್ತು. ಲೆದರ್ ಫಿನಿಶ್‌ನಲ್ಲೂ ಇತ್ತು, ಆದರೆ ಹುಡುಕಿ ನೋಡಬೇಕು. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ, ಮಿಕ್ಕ ದಿನ ಬೋರ್‌ವೆಲ್ಲೇ. ಲೆದರ್ ಫಿನಿಶ್ ತೆಗೆದುಕೊಂಡೆವು. ಅದಕ್ಕೆ ಅಡಿಗೆ ಇಷ್ಟು ಅಂತ ಜಾಸ್ತಿ ಕೊಡಬೇಕು, ಎಲ್ಲ ಸೇರಿ ಚದರ ಅಡಿಗೆ 210 ರೂಪಾಯಿ ಬಿತ್ತು. ದುಡ್ಡು ಕೊಟ್ಟ ಮೇಲೆ ಹಲಗೆಯ ಮೇಲೆ ನಿಮ್ಮ ಹೆಸರು ಬರೆಸಿ, ಅದರ ನಂಬರ್ ಸಮೇತ ಫೋಟೋ ಹೊಡೆದುಕೊಳ್ಳಿ.

ಇನ್ನು ಕಪಾಟಿನ ಲ್ಯಾಮಿನೇಟ್, ಅಂದರೆ ಪ್ಲೈವುಡ್ ಬಾಗಿಲಿನ ಮೇಲೆ ಅಂಟಿಸುವ ಬಣ್ಣದ ಹಾಳೆ. ನನ್ನನ್ನು ಅತಿ ಹೆಚ್ಚು ಸುಸ್ತು ಮಾಡಿದ್ದು ಇದೇ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಅಂಗಡಿ ಸಾಲೇ ಇದೆ. ಒಂದೊಂದು ಕಂಪನಿಗೆ ಇಟ್ಟಿಗೆ ತೂಕದ ಫೋಲ್ಡರು, ಅದರಲ್ಲಿ ಬೆಂಕಿಪೊಟ್ಟಣದಷ್ಟು ತುಣುಕುಗಳು. ಹಸಿರೇ ನಲವತ್ತು ಥರ. ಅಷ್ಟು ಚಿಕ್ಕ ತುಣುಕಿನಲ್ಲಿ ಮಂಕಾಗಿ ಕಂಡದ್ದು ಪೂರ್ತಿ ಬಾಗಿಲಿಗೆ ಬಂದಾಗ ಕಣ್ಣಿಗೆ ಹೊಡೆಯುತ್ತದೆ, ಇದು ನನ್ನ ಅನುಭವ. ದೊಡ್ಡ ತುಂಡು ಕೇಳಿ. ನಾನು ಐನೂರು ರೂಪಾಯಿ ಡಿಪಾಸಿಟ್ ಇಟ್ಟು ಪುಸ್ತಕದ ಹಾಳೆಯಷ್ಟು ದೊಡ್ಡ ಐದು ತುಂಡು ಮೂರು ದಿನಕ್ಕೆ ತಂದೆ.

ತಂದದ್ದನ್ನು ಟೇಬಲ್ ಮೇಲೆ ಮಲಗಿಸಿ ನೋಡಬೇಡಿ. ಕಪಾಟಿನ ಬಾಗಿಲು ನಿಂತಿರುತ್ತದೆ, ನೆಲ ಮಲಗಿರುತ್ತದೆ, ಎರಡಕ್ಕೂ ಬೆಳಕು ಬೀಳುವ ರೀತಿ ಬೇರೆ. ಕೆಳಗಿನ ಕಪಾಟಿನ ತುಂಡನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ. ಮೇಲಿನದನ್ನು ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ ನೋಡಿ.

ಹಾಗೆ ನೋಡುವಾಗಲೇ ನಮಗೆ ಊಹಿಸದ ತೊಡಕು ಎದುರಾಯಿತು. ಬೆಳಿಗ್ಗೆ ಎಂಟಕ್ಕೆ ತುಂಬಾ ಚೆಂದ ಕಂಡ ಹಸಿರು, ಹನ್ನೊಂದರ ಹೊತ್ತಿಗೆ ಕೊಳೆತ ಸೊಪ್ಪಿನ ಬಣ್ಣಕ್ಕೆ ತಿರುಗಿತು. ಎರಡು ಗಂಟೆ ಮೇಲೆ ಮತ್ತೆ ಸರಿ ಹೋಯಿತು. ಮಾರನೆ ದಿನವೂ ಹಾಗೇ. ನಾನು ತುಂಡನ್ನು ಹಿಡಿದುಕೊಂಡು ಕಿಟಕಿ ಹತ್ತಿರ ಹೋದೆ, ನನ್ನ ಕೈಯೇ ಕಿತ್ತಳೆ ಬಣ್ಣಕ್ಕೆ ಕಂಡಿತು. ಆಗ ಹೊರಗೆ ನೋಡಿದೆ. ಐದು ಅಡಿ ಆಚೆ ಪಕ್ಕದ ಮನೆಯ ಎರಡಂತಸ್ತಿನ ಗೋಡೆ, ಹೋದ ದೀಪಾವಳಿಗೆ ಅವರು ಹೊಡೆಸಿದ ಗಾಢ ಕಿತ್ತಳೆ ಬಣ್ಣ, ಅದರ ಮೇಲೆ ನೇರ ಬಿಸಿಲು. ನಮ್ಮ ಅಡುಗೆಮನೆಗೆ ಒಳಗೆ ಬರುತ್ತಿದ್ದದ್ದು ಆ ಗೋಡೆಯ ಬೆಳಕು. ನಾಲ್ಕು ತಿಂಗಳಿಂದ ದಿನಾ ಅಲ್ಲೇ ಅಡುಗೆ ಮಾಡುತ್ತಿದ್ದೆ, ಒಂದು ದಿನವೂ ನನಗೆ ಇದು ಕಂಡಿರಲಿಲ್ಲ.

ಹಳದಿ ಜಾಸ್ತಿ ಇರುವ ಹಸಿರುಗಳೆಲ್ಲ ಆ ಬೆಳಕಿಗೆ ಕೆಟ್ಟವು. ಐದರಲ್ಲಿ ಉಳಿದದ್ದು ಒಂದೇ, ಸ್ವಲ್ಪ ಬೂದಿ ಬೆರೆತ, ನೀಲಿಯ ಕಡೆಗೆ ಒಂಚೂರು ವಾಲಿದ ಹಸಿರು. ಅಂಗಡಿಯಲ್ಲಿ ಅದು ನನ್ನ ಕೊನೆಯ ಆಯ್ಕೆ ಆಗಿತ್ತು. ಅಡುಗೆಮನೆಗೆ ಬಂದ ಮೇಲೆ ಅದೇ ಮೊದಲಾಯಿತು. ನೀವೂ ನಿಮ್ಮ ಕಿಟಕಿಯ ಎದುರು ಏನಿದೆ ನೋಡಿ. ಮರ ಇದ್ದರೆ ಹಸಿರು ಬೆಳಕು, ಇಟ್ಟಿಗೆ ಗೋಡೆ ಇದ್ದರೆ ಕೆಂಪು ಬೆಳಕು ಬರುತ್ತದೆ. ಕಾಲ ಬದಲಾದ ಹಾಗೆ ಅದೂ ಬದಲಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದ ದಿನ ಬರುತ್ತದಲ್ಲ, ಅದಾದ ಮೇಲೆ ಸೂರ್ಯ ಉತ್ತರಕ್ಕೆ ಸರಿದು ನಡು ಮಧ್ಯಾಹ್ನದ ಬಿಸಿಲು ಆ ಗೋಡೆಯ ನಮ್ಮ ಕಡೆ ಮುಖಕ್ಕೆ ಬೀಳುವುದು ನಿಂತಿದೆ. ಆಗಸ್ಟ್ ಮಧ್ಯದಲ್ಲಿ ಮತ್ತೆ ಶುರುವಾಗುತ್ತದೆ.

ರಾತ್ರಿಯ ಬೆಳಕಿನ ಕಥೆ ಬೇರೆ. ಅಂಗಡಿಯಲ್ಲಿ ಕೆನೆ ಬಣ್ಣದ ಲ್ಯಾಮಿನೇಟ್ ಮತ್ತು ಟೈಲ್ಸ್ ತುಂಡು ಒಂದೇ ಥರ ಇದ್ದವು. ಮನೆಯ ಟ್ಯೂಬ್‌ಲೈಟಿನ ಕೆಳಗೆ ಒಂದು ಹಳದಿ, ಒಂದು ಗುಲಾಬಿ. ಎರಡು ವಸ್ತು ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದೆ ಹೋಗಬಹುದು, ಅವುಗಳಿಗೆ ಹಾಕಿರೋ ಬಣ್ಣದ ಪುಡಿಗಳು ಬೇರೆ ಬೇರೆ ಇರುತ್ತವಲ್ಲ. ಹಾಗಾಗಿ ಬಣ್ಣಕ್ಕಿಂತ ಮೊದಲು ದೀಪ ಬದಲಾಯಿಸಿ. ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 3000 ಅಂದರೆ ಹಳದಿ ಬೆಳಕು, 6500 ಅಂದರೆ ನೀಲಿ ಬಿಳುಪು, 4000 ಮಧ್ಯದ್ದು. ನಾವು 4000 ಹಾಕಿಸಿದೆವು. ಕೆಂಪು ನೆಲ ಕೆಂಪಾಗೇ ಕಾಣುತ್ತದೆ, ಅನ್ನದ ಬಿಳುಪೂ ಸರಿಯಾಗಿದೆ. ಆಮೇಲೆ ಎಲ್ಲ ತುಂಡುಗಳನ್ನು ಆ ದೀಪದಡಿಯೇ ನೋಡಿ ಆರಿಸಿದೆ.

ಆರಿಸಿದ ಹಸಿರು ಸ್ಟಾಕ್ ಇರಲಿಲ್ಲ. ನಾಲ್ಕು ದಿನ ಅಂದರು. ಬಂದದ್ದು ಹತ್ತೊಂಬತ್ತನೇ ದಿನ. ಅಷ್ಟರಲ್ಲಿ ಬಡಗಿ ಬೇರೆ ಮನೆ ಕೆಲಸ ಹಿಡಿದುಕೊಂಡ, ಯುಗಾದಿ ಹೋಳಿಗೆಯನ್ನು ನಡುಮನೆಯಲ್ಲಿ ಪುಟ್ಟ ಒಲೆ ಇಟ್ಟುಕೊಂಡು ಮಾಡಿದೆವು. ಮಧ್ಯದಲ್ಲಿ ಬಡಗಿ ಒಂದು ಹಾಳೆ ತಂದು, "ಅಕ್ಕ, ಬೇರೆ ಕಂಪನಿದು, ಬಣ್ಣ ಅದೇ, ಇವತ್ತೇ ಅಂಟಿಸಿಬಿಡ್ತೀನಿ" ಅಂದ. ಕಾದು ಕಾದು ಸಾಕಾಗಿತ್ತು, ಹೂಂ ಅನ್ನಲು ಬಾಯಿ ತೆರೆದಿದ್ದೆ. ಆದರೂ ನನ್ನ ತುಂಡನ್ನು ತಂದು ಕಿಟಕಿ ಹತ್ತಿರ ಎರಡನ್ನೂ ಅಂಟಿಸಿ ಹಿಡಿದೆ. ಇದು ನವಿಲು ಬಣ್ಣದ ಕಡೆಗೆ ಹೋಗಿತ್ತು. ಬೇಡಪ್ಪ ಅಂದೆ. ಅವನಿಗೆ ಬೇಜಾರಾಯಿತು, ನನಗೂ ಅಳುವೇ ಬಂತು. ಈಗ ನೋಡಿದರೆ ಆವತ್ತು ಬೇಡ ಅಂದದ್ದೇ ಒಳ್ಳೆಯದಾಯಿತು.

ಎಸ್ಟಿಮೇಟ್ ಚೀಟಿಯಲ್ಲಿ "ಹಸಿರು ಲ್ಯಾಮಿನೇಟ್" ಅಂತ ಬರೆದರೆ ಒಪ್ಪಬೇಡಿ. ಕಂಪನಿ, ಕೋಡ್ ನಂಬರ್, ಫಿನಿಶ್, ದಪ್ಪ, ನಾಲ್ಕೂ ಇರಬೇಕು. ಒಂದೇ ಬಣ್ಣ ಹೊಳಪಿನ ಹಾಳೆಯಲ್ಲಿ ಗಾಢವಾಗಿ ಕಾಣುತ್ತದೆ, ಮ್ಯಾಟ್‌ನಲ್ಲಿ ಮಬ್ಬಾಗಿ ಕಾಣುತ್ತದೆ. ದಪ್ಪ 1 ಮಿ.ಮೀ. ಬರೆಸಿ, ಇಲ್ಲದಿದ್ದರೆ 0.8 ಬರಬಹುದು. ಒಳಗಿನ ಪ್ಲೈವುಡ್ ಬಗ್ಗೆ ಇಲ್ಲಿ ಬರೆಯಲ್ಲ, ನೀರು ತಾಗುವ ಕಡೆ ಐಎಸ್ 710 ಗುರುತಿನದ್ದೇ ಹಾಕಿಸಿ ಅಂತ ಮಾತ್ರ ಹೇಳುತ್ತೇನೆ. ಮತ್ತೆ ಎಡ್ಜ್ ಬ್ಯಾಂಡ್! ಬಾಗಿಲಿನ ಅಂಚಿಗೆ ಅಂಟಿಸುವ ಪಟ್ಟಿ. ಅದನ್ನು ಯಾರೂ ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ. ಬಂದದ್ದು ಪಿಸ್ತಾ ಬಣ್ಣದ್ದು. ಪ್ರತಿ ಬಾಗಿಲಿನ ಸುತ್ತ ತೆಳು ಪಿಸ್ತಾ ಗೆರೆ. ಮೊದಲ ಬಾಗಿಲಿಗೇ ನಿಲ್ಲಿಸಿ ಸರಿಯಾದ್ದು ತರಿಸಲು ಮತ್ತೆ ಆರು ದಿನ. ಹಾಳೆ ಆರ್ಡರ್ ಮಾಡುವಾಗಲೇ ಅದರದೇ ಕೋಡಿನ ಎಡ್ಜ್ ಬ್ಯಾಂಡ್ ಇದೆಯಾ ಅಂತ ಕೇಳಿ.

ಟೈಲ್ಸ್ ಸುಲಭ ಅಂದುಕೊಂಡಿದ್ದೆ. ಒಂದು ಅಡಿಗೆ ಎರಡು ಅಡಿಯ ಕೆನೆ ಬಣ್ಣದ್ದು, ಮ್ಯಾಟ್. ಕಟ್ಟೆಯ ಮೇಲೆ ಎರಡು ಅಡಿ ಎತ್ತರಕ್ಕೆ, ಹದಿನೆಂಟು ಅಡಿ ಉದ್ದಕ್ಕೆ, ಲೆಕ್ಕ ಹಾಕಿ ನಾಲ್ಕು ಬಾಕ್ಸ್ ತಂದೆವು. ಪ್ಲಗ್ ಪಾಯಿಂಟಿಗೆ ಕೊಯ್ಯುವಾಗ ಮೂರು ಒಡೆದವು. ಇನ್ನೊಂದು ಬಾಕ್ಸ್ ತರಲು ಹೋದರೆ ಅದೇ ಡಿಸೈನ್, ಅದೇ ಹೆಸರು, ಬ್ಯಾಚ್ ಬೇರೆ. ಗೋಡೆಗೆ ಇಟ್ಟು ನೋಡಿದರೆ ಹಳೆಯದು ಕೆನೆ, ಹೊಸದರಲ್ಲಿ ಗುಲಾಬಿ ಛಾಯೆ. ಒಂದೊಂದು ಸಲ ಸುಟ್ಟಾಗ ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಅದಕ್ಕೇ ಬಾಕ್ಸ್ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಹಾಕಿರುತ್ತಾರೆ. ಟೈಲ್ಸ್ ಮೇಸ್ತ್ರಿ ಒಳ್ಳೆಯ ಮನುಷ್ಯ. ಫ್ರಿಜ್ ಹಿಂದೆ ಹಾಕಿದ್ದ ಟೈಲ್ಸ್ ಇನ್ನೂ ಹಸಿಯಾಗಿದ್ದವು, ಅವನ್ನು ನಿಧಾನಕ್ಕೆ ಬಿಡಿಸಿ ಮುಂದಕ್ಕೆ ಹಾಕಿ, ಗುಲಾಬಿಯವನ್ನು ಫ್ರಿಜ್ ಹಿಂದೆ ಹಾಕಿಕೊಟ್ಟರು. ಮೊದಲೇ ಒಂದು ಬಾಕ್ಸ್ ಜಾಸ್ತಿ ತನ್ನಿ, ಎಲ್ಲ ಬಾಕ್ಸಿನ ನಂಬರ್ ಒಂದೇ ಇದೆಯಾ ಅಂತ ಆಟೋಗೆ ಏರಿಸುವ ಮೊದಲೇ ನೋಡಿ.

ಸಂದಿಗೆ ತುಂಬುವ ಗ್ರೌಟ್ ಬಿಳಿ ಬೇಡ ಅಂದವರೂ ಅವರೇ. "ಒಗ್ಗರಣೆ ಹಾಕೋ ಮನೇಲಿ ಬಿಳಿ ಗ್ರೌಟ್ ಆರು ತಿಂಗಳಿಗೆ ಹಳದಿ ಆಗುತ್ತಮ್ಮ." ಎಪಾಕ್ಸಿ ಗ್ರೌಟ್ ಹಾಕಿಸಿದೆವು, ಟೈಲ್ಸ್‌ಗಿಂತ ಒಂದು ಪಟ್ಟು ಗಾಢ. ಬೆಲೆ ಜಾಸ್ತಿ, ಜಿಡ್ಡು ಹೀರುವುದಿಲ್ಲ. ಸಿಮೆಂಟ್ ಗ್ರೌಟ್ ಹಾಕಿಸುವವರು ಹಸಿಯಾಗಿದ್ದಾಗ ಬಣ್ಣ ನೋಡಿ ಗಾಬರಿ ಆಗಬೇಡಿ, ಒಣಗಿದ ಮೇಲೆ ತಿಳಿಯಾಗುತ್ತದೆ.

ಗೋಡೆ ಬಣ್ಣ ಆರಿಸೋದು ಕೊನೆಗೆ. ಇದನ್ನು ಎಲ್ಲರೂ ಮೊದಲು ಆರಿಸುತ್ತಾರೆ, ನಾನೂ ಮೊದಲು ಹಾಗೇ ಮಾಡಿದ್ದೆ. ಯೋಚನೆ ಮಾಡಿ ನೋಡಿ, ಕಲ್ಲಿನಲ್ಲಿ ಹತ್ತು ಬಣ್ಣ ಸಿಕ್ಕರೆ ಲ್ಯಾಮಿನೇಟಿನಲ್ಲಿ ನೂರಾರು, ಪೇಂಟಿನಲ್ಲಿ ಸಾವಿರಾರು. ಕಮ್ಮಿ ಸಿಗುವುದನ್ನು ಮೊದಲು ಹಿಡಿದುಕೊಂಡರೆ ಪೇಂಟನ್ನು ಅದಕ್ಕೆ ಹೊಂದಿಸಬಹುದು. ಮೂರು ಕೆನೆ ಬಣ್ಣಗಳ ಚಿಕ್ಕ ಡಬ್ಬ ತಂದು ಗೋಡೆಗೆ ಹಚ್ಚದೆ ದೊಡ್ಡ ಡ್ರಾಯಿಂಗ್ ಹಾಳೆಗಳಿಗೆ ಎರಡೆರಡು ಸಲ ಹಚ್ಚಿದೆ. ಹಾಳೆಯನ್ನು ಎಲ್ಲಿ ಬೇಕಾದರೂ ಹಿಡಿದು ನೋಡಬಹುದು, ಹಳೆಯ ಹಸಿರು ಗೋಡೆ ಪಕ್ಕ ಕೂತು ಕಣ್ಣಿಗೆ ಮೋಸ ಮಾಡುವುದಿಲ್ಲ. ಪೂರ್ತಿ ಒಣಗಿದ ಮೇಲೇ ತೀರ್ಮಾನ ಮಾಡಿ. ಮಷೀನಿನಲ್ಲಿ ಬೆರೆಸಿ ಕೊಟ್ಟ ಬಣ್ಣವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ತೊಳೆಯಬಹುದಾದ ಎಮಲ್ಶನ್ನೇ ಕೇಳಿ. ಪ್ರೈಮರ್ ಮತ್ತು ಮೊದಲ ಕೋಟ್ ಬಡಗಿ ಬರುವ ಮೊದಲು, ಕೊನೆಯ ಕೋಟ್ ಅವನು ಹೋದ ಮೇಲೆ.

ಖರ್ಚು ಕೇಳುವವರಿಗೆ. ಗ್ರಾನೈಟ್ ನಲವತ್ತು ಚದರ ಅಡಿ, 8,400. ಟೈಲ್ಸ್ ಐದು ಬಾಕ್ಸ್, ಒಂದಕ್ಕೆ 620ರಂತೆ 3,100. ಲ್ಯಾಮಿನೇಟ್ ಹಸಿರು ಎರಡು, ಕೆನೆ ಎರಡು, ಹಾಳೆಗೆ 1,750ರಂತೆ 7,000. ಗ್ರೌಟ್ 1,600, ಪೇಂಟ್ 2,400, ದೀಪಗಳು 900. ಒಟ್ಟು 23,400. ಪ್ಲೈವುಡ್, ಕೂಲಿ, ಚಿಮಣಿ ಇದರಲ್ಲಿಲ್ಲ. ಸ್ಯಾಂಪಲ್ ಡಬ್ಬ ಮೂರಕ್ಕೆ 780 ಬೇರೆ. ಮುಂಗಡದಲ್ಲಿ ಹೋದ ನಾಲ್ಕು ಸಾವಿರವೂ ಬೇರೆ. ಟೈಲ್ಸ್, ಲ್ಯಾಮಿನೇಟ್, ಪೇಂಟ್ ಮೂರಕ್ಕೂ ಜಿಎಸ್‌ಟಿ 18% ಇದೆ, ಅಂಗಡಿಯವರು ಹೇಳುವ ರೇಟಿನಲ್ಲಿ ಅದು ಸೇರಿದೆಯಾ ಅಂತ ಕೇಳಿಕೊಳ್ಳಿ. ನಾನು ಒಂದು ಅಂಗಡಿಯಲ್ಲಿ ಕೇಳದೆ ಬಿಲ್ ನೋಡಿ ಬೆಚ್ಚಿದ್ದೆ.

ಎಲ್ಲ ಕೋಡ್ ನಂಬರ್, ಬ್ಯಾಚ್ ನಂಬರ್ ಒಂದು ಹಾಳೆಯಲ್ಲಿ ಬರೆದು, ಪೇಂಟ್ ಡಬ್ಬದ ಚೀಟಿ, ಬಿಲ್ಲುಗಳ ಜೆರಾಕ್ಸ್ ಜೊತೆ ಮೇಲಿನ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ಉಳಿದ ಎರಡು ಟೈಲ್ಸ್, ಒಂದು ಲ್ಯಾಮಿನೇಟ್ ತುಂಡು ಅಟ್ಟದ ಮೇಲಿವೆ. ನಾಳೆ ಒಂದು ಬಾಗಿಲು ಕೆಟ್ಟರೆ ಇವೇ ಬೇಕಾಗುತ್ತವೆ.

ಇನ್ನೂ ಒಂದು ಬಾಕಿ ಇದೆ. ಹಳೆಯ ಕಡಪ ಕಟ್ಟೆಗೆ ಆಸರೆಯಾಗಿದ್ದ ಗೋಡೆ ತೆಗೆದ ಜಾಗದಲ್ಲಿ, ಒಂದು ಅಡಿ ಉದ್ದ, ಅಂಗೈ ಅಗಲ, ನೆಲಕ್ಕೆ ಬಣ್ಣವೇ ಇಲ್ಲ. ಬಸವನಗುಡಿ ಕಡೆಯ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರನ್ನು ಅತ್ತೆ ಹುಡುಕಿಸಿದ್ದಾರೆ. ಮೊನ್ನೆ ಬಂದು ಮೊಣಕಾಲೂರಿ ಕೂತು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತುಂಬಾ ಹೊತ್ತು ನೋಡಿದರು. ಹೊಸ ಕೆಂಪು ಹಾಕಿದರೆ ಎದ್ದು ಕಾಣುತ್ತೆ, ಕೆಂಪು ಕಮ್ಮಿ ಮಾಡಿ ಚೂರು ಕಪ್ಪು ಬೆರೆಸಬೇಕು ಅಂದರು. ಹಿತ್ತಲಲ್ಲಿ ಒಂದು ಹೆಂಚಿನ ಚೂರಿನ ಮೇಲೆ ಮೂರು ಹದದಲ್ಲಿ ಹಾಕಿ ಹೋಗಿದ್ದಾರೆ. ಅದು ಒಣಗುತ್ತಿದೆ. ಅತ್ತೆ ದಿನಕ್ಕೆ ಎರಡು ಸಲ ಹೆಂಚನ್ನು ತಂದು ನೆಲದ ಪಕ್ಕ ಇಟ್ಟು ನೋಡುತ್ತಿದ್ದಾರೆ, ಬೆಳಿಗ್ಗೆ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ. ಮೇಸ್ತ್ರಿ ಗುರುವಾರ ಬರುತ್ತೇನೆ ಅಂದಿದ್ದಾರೆ.